ಬಿಸಿಲಿಗೆ ಹಾಕಿದ ಬೀಗ

ಕಳೆದ ಭಾನುವಾರ ನಮ್ಮ ಮಲಾಡಿನ ಬಿಲ್ಡಿಂಗಿನ ಟೆರೇಸ್ ಮೇಲೆ ಸೊಸೈಟಿ ಮೀಟಿಂಗ್ ಇತ್ತು. ಸೋಲಾರ್ ಪ್ಯಾನೆಲ್ ಹಾಕಿಸುವ ವಿಷಯ. ಕಂಪನಿಯಿಂದ ಬಂದಿದ್ದ ಸೇಲ್ಸ್‌ಮನ್ ಹಿಂದಿಯಲ್ಲಿ ಜೇನು ಸುರಿಸುತ್ತಿದ್ದ. ಲೈಟ್ ಬಿಲ್ ಇಳಿಯುತ್ತದಂತೆ, ಹೊಗೆ ಕಡಿಮೆಯಾಗುತ್ತದಂತೆ, ಎಲ್ಲಕ್ಕಿಂತ ಹೆಚ್ಚಾಗಿ ಇಲ್ಲಿನ ಜನಕ್ಕೇ ಕೆಲಸ ಸಿಗುತ್ತದಂತೆ. 'ಲೋಕಲ್ ಜಾಬ್ಸ್, ಆಂಟೀಜಿ' ಅಂತ ನನ್ನ ಕಡೆಗೇ ತಿರುಗಿ ಹಲ್ಲು ಬಿಟ್ಟ. ಅಷ್ಟರಲ್ಲಿ ನೀರಿನ ಟ್ಯಾಂಕಿನ ಹಿಂದೆ ಯಾರೋ ಕಬ್ಬಿಣದ ಸ್ಟ್ಯಾಂಡಿಗೆ ಕಪ್ಪು ಬಣ್ಣ ಬಳಿಯುತ್ತಿದ್ದರು. ಗಾಳಿ ಈ ಕಡೆ ತಿರುಗಿತು ನೋಡಿ, ಬಿಸಿಲಿಗೆ ಕಾದ ಆ ಬಣ್ಣದ ವಾಸನೆ ಮೂಗಿಗೆ ಬಡಿಯಿತು.

ಆ ವಾಸನೆ ಬಂದ ಮೇಲೆ ನಾನು ಸುಮ್ಮನಿರುವುದುಂಟೇ? ಎದ್ದು ನಿಂತೆ. 'ಈ ಪ್ಯಾನೆಲ್ ಎಲ್ಲಿ ಮಾಡ್ತಾರೆ? ಇದರ ಸ್ಕ್ರೂ ತಿರುಗಿಸೋರು ಯಾರು? ಮಳೆಗಾಲದಲ್ಲಿ ಅವರಿಗೇನು ಕೆಲಸ?' ಅಂತ ಕೇಳಿಬಿಟ್ಟೆ. ಸೇಲ್ಸ್‌ಮನ್ ಮೊಬೈಲ್ ನೋಡಿಕೊಂಡ. ವಿಚಾರಿಸಿ ಫೋನ್ ಮಾಡ್ತೀನಿ ಅಂದ. ಪಕ್ಕದಲ್ಲಿದ್ದ ನನ್ನ ಮಗಳು ವಿದ್ಯಾ ಸೀರೆ ಜಗ್ಗಿ, 'ಅಮ್ಮಾ, ಪ್ಲೀಸ್ ಯಾರ್, ನೀನು ಎಲ್ಲಾದರಲ್ಲಿ ಡೌಟ್ ಮಾಡ್ಬೇಡ. ಸಬ್ ದೇಖ್ ರಹೇ ಹೈ' ಅಂದಳು. ಹುಟ್ಟಿದ್ದು ಬೆಳೆದದ್ದು ಇಲ್ಲೇ, ಪಾಪ, ಅವಳ ಕನ್ನಡ ಅಷ್ಟೇ.

ನನ್ನ ಅನುಮಾನ ಇವತ್ತಿನದಲ್ಲ. ನಾನು ಚನ್ನಪಟ್ಟಣದವಳು. ಮದುವೆಯಾಗಿ ಮುಂಬಯಿಗೆ ಬಂದ ಮೊದಲ ದಿನ ಸ್ಟೇಷನ್ನಿನಲ್ಲಿ ಕೂಲಿಯ ಅಂಗಿ ಹಿಡಿದುಕೊಂಡೇ ನಡೆದವಳು, ಟ್ರಂಕು ಹೊತ್ತುಕೊಂಡು ಓಡಿಹೋದರೆ ಅಂತ. ಹಾಲಿಗೆ ಬೆರಳದ್ದಿ ನೋಡದೆ ಕೊಂಡವಳಲ್ಲ, ತಕ್ಕಡಿಯ ಕೆಳಗೆ ಕೈಯಾಡಿಸದೆ ತರಕಾರಿ ತಂದವಳಲ್ಲ. ಬ್ಯಾಂಕಿನಲ್ಲಿದ್ದ ನಮ್ಮ ಯಜಮಾನರು, 'ಲಲಿತಾ, ದೇವರು ಪ್ರತ್ಯಕ್ಷನಾದರೂ ನೀನು ಮೊದಲು ರೇಷನ್ ಕಾರ್ಡ್ ಕೇಳ್ತೀಯ' ಅಂತ ನಗುತ್ತಿದ್ದರು. ಕೇಳ್ತೀನಿ, ತಪ್ಪೇನು?

ಎಂಬತ್ತರ ದಶಕದ ನಡುವಿನ ಮಾತು. ವಿದ್ಯಾ ಸ್ಕೂಲಿಗೆ ಹೋಗಲು ಶುರುಮಾಡಿದ್ದಳು, ಮಧ್ಯಾಹ್ನವೆಲ್ಲ ಮನೆಯಲ್ಲಿ ನಾನೊಬ್ಬಳೇ. ದಸರೆ ಕಳೆದ ಹೊಸತರಲ್ಲಿ ಯಜಮಾನರು ಒಂದು ಸುದ್ದಿ ತಂದರು. ಬೆಂಗಳೂರಿನ ಇಂಜಿನಿಯರ್ ಒಬ್ಬರು ದೊಡ್ಡ ಕೆಲಸ ಬಿಟ್ಟು ಜೋಗೇಶ್ವರಿಯಲ್ಲಿ ಸಣ್ಣ ಫ್ಯಾಕ್ಟರಿ ತೆಗೆದಿದ್ದಾರೆ, ಬಿಸಿಲಿನಲ್ಲಿ ಅನ್ನ ಬೇಯಿಸುವ ಡಬ್ಬಿ ಮಾಡುತ್ತಾರೆ, ಕನ್ನಡದವರು ಯಾರಾದರೂ ಬೇಕಂತೆ. 'ಸೋಲಾರ್ ಕುಕ್ಕರ್ ಅಂತೆ ಕಣೆ. ನನಗೇನೋ ಅದು ಸೋಲೋರ ಕೆಲಸ ಅನ್ಸುತ್ತೆ. ಆದರೂ ನೋಡ್ಕೊಂಡು ಬಾ' ಅಂದರು.

ಆ ಇಂಜಿನಿಯರ್ ಹೆಸರು ಸತ್ಯನಾರಾಯಣ. ಹೆಸರಿನಲ್ಲೇ ಸತ್ಯ ಇಟ್ಟುಕೊಂಡವರನ್ನು ಕಂಡರೆ ನನಗೆ ಅನುಮಾನ ಒಂದು ಚಮಚ ಹೆಚ್ಚು. ಸಾಲದ್ದಕ್ಕೆ ಮುಂಬಯಿಯಲ್ಲಿ ಅಂಥ ಸಣ್ಣ ಫ್ಯಾಕ್ಟರಿಯ ಖೋಲಿಗೆ ಗಾಳಾ ಅಂತಾರೆ. ಬೋರ್ಡಿನ ಮೇಲೆ 'ಗಾಳಾ' ಅಂತ ಓದಿದಾಗ ನನಗೆ ನೆನಪಾದದ್ದು ಮೀನು ಹಿಡಿಯುವ ಗಾಳವೇ. ಇಲ್ಲಿ ಮೀನು ಯಾರು, ಎರೆಹುಳ ಯಾರು ಅಂತ ನೋಡಿಕೊಳ್ಳೋಣ ಅಂತ ಒಳಗೆ ಹೋದೆ.

ಒಳಗೆ ತಗಡು ಒತ್ತುವ ಒಂದು ಪ್ರೆಸ್ ಧಡ್ ಧಡ್ ಅನ್ನುತ್ತಿತ್ತು. ಸುತ್ತ ಐದಾರು ಹೆಂಗಸರು. ಡಬ್ಬಿ ಅಂದರೆ ಒಂದು ಸೂಟ್‌ಕೇಸಿನಷ್ಟು ತಗಡಿನ ಪೆಟ್ಟಿಗೆ. ಒಳಗೆಲ್ಲ ಕಪ್ಪು ಬಣ್ಣ, ಮೇಲೆ ಜೋಡಿ ಗಾಜಿನ ಮುಚ್ಚಳ, ಅದರ ಹಿಂದೆ ಬಿಸಿಲನ್ನು ಒಳಕ್ಕೆ ತಿರುಗಿಸಲು ಒಂದು ಕನ್ನಡಿ. ಅಕ್ಕಿ ನೀರು ಹಾಕಿದ ಪಾತ್ರೆ ಒಳಗಿಟ್ಟು ಮುಚ್ಚಿ ಬಿಸಿಲಿಗಿಟ್ಟರೆ ಆಯಿತು, ತಾನಾಗಿ ಬೇಯುತ್ತದೆ.

'ಬಿಸಿಲಿಗೆ ಬಿಲ್ ಇಲ್ಲ ಲಲಿತಮ್ಮ' ಅಂದರು ಸತ್ಯನಾರಾಯಣ. ಅದು ಅವರ ಬಾಯಿಪಾಠದ ಮಾತು.

'ಬಿಲ್ ಇಲ್ಲದ ಸಾಮಾನು ಮುಂಬಯಿಯಲ್ಲಿ ಸಿಕ್ಕಿದರೆ ಅದನ್ನ ಕಳ್ಳಮಾಲು ಅಂತಾರೆ ಸಾರ್' ಅಂದೆ.

ಅವರು ಬಿದ್ದೂ ಬಿದ್ದೂ ನಕ್ಕರು. 'ನಿಮ್ಮಂಥ ಅನುಮಾನದವರೇ ನನಗೆ ಬೇಕಿತ್ತು. ನಾಳೆಯಿಂದ ಬನ್ನಿ. ತಯಾರಾದ ಡಬ್ಬಿ ಚೆಕ್ ಮಾಡೋ ಕೆಲಸ ನಿಮ್ಮದು' ಅಂದುಬಿಟ್ಟರು. ಆಮೇಲೆ ಕುರ್ಚಿ ಎಳೆದುಕೊಂಡು ತಮ್ಮ ಕನಸು ಬಿಚ್ಚಿದರು. ಈ ಡಬ್ಬಿಯಲ್ಲಿ ಪರದೇಶದ್ದು ಏನೂ ಇಲ್ಲ. ತಗಡು ಇಲ್ಲೇ ಪಕ್ಕದ್ದು, ಗಾಜು ಗೋರೆಗಾಂವ್‌ನದು, ಕನ್ನಡಿ ಮಲಾಡಿನದು, ಕೈ ನಮ್ಮವರದು. ಊರೂರಿಗೂ ಇಂಥದೊಂದು ಗಾಳಾ ಆದರೆ ಕೆಲಸ ಹುಡುಕಿಕೊಂಡು ಯಾರೂ ಊರು ಬಿಡಬೇಕಾಗಿಲ್ಲ. ಮಾತಾಡುವಾಗ ಅವರ ಕಣ್ಣು ಒದ್ದೆಯಾಗಿತ್ತು. ಕೇಳಲು ತುಂಬಾ ಚೆನ್ನಾಗಿತ್ತು. ಅಷ್ಟು ಚೆನ್ನಾಗಿತ್ತು ಅಂತಲೇ ನನಗೆ ಒಳಗೊಳಗೇ ಕಸಿವಿಸಿ.

ಗಂಗವ್ವ ಸಿಕ್ಕಿದ್ದು ಅಲ್ಲೇ. ಇಂಡಿ ಕಡೆಯವಳು. ಮುಂಬಯಿಗೆ ಬಂದಾಗಿನಿಂದ ಗಂಡನ ಜೊತೆ ಕಟ್ಟಡದ ಕೆಲಸದಲ್ಲಿ ಸಿಮೆಂಟ್ ಬುಟ್ಟಿ ಹೊತ್ತವಳು, ಈಗ ಡಬ್ಬಿಗಳ ಒಳಗೆ ಕಪ್ಪು ಬಣ್ಣ ಹೊಡೆಯುತ್ತಿದ್ದಳು. ಮೊಣಕೈವರೆಗೂ ಕಪ್ಪು, ಮುಖದಲ್ಲಿ ಹಣೆತುಂಬ ಕುಂಕುಮ. ಜೀವಮಾನದಲ್ಲಿ ಮೊದಲ ಸಲ ನೆರಳಿನಲ್ಲಿ ಕೂತು ಮಾಡುವ ಕೆಲಸ ಅವಳಿಗೆ ಸಿಕ್ಕಿತ್ತು. ಮೊದಲ ದಿನವೇ ನಾನು ಕಿವಿಯಲ್ಲಿ ಕೇಳಿದೆ, 'ಏನೇ ಗಂಗವ್ವ, ನಿಜವಾಗ್ಲೂ ಬೇಯುತ್ತಾ ಇದರಲ್ಲಿ?'

'ಯಾಕ ಬೇಯಂಗಿಲ್ರಿ ಅಕ್ಕಾರ? ಇಷ್ಟ ದಿನ ಬಿಸಲಾಗ ನಾವಽ ಬೇಯ್ತಿದ್ವಿ. ಇನ್ನ ಅನ್ನ ಬೇಯ್ಲಿ ಬಿಡ್ರಿ' ಅಂದಳು.

ಅವಳಿಗೆ ಆ ಕೆಲಸ ಬರೀ ಹೊಟ್ಟೆಪಾಡಾಗಿರಲಿಲ್ಲ. ಮಗಳು ಮಹಾದೇವಿಗೆ ಊರ ಕಡೆ ಒಂದು ಸಂಬಂಧ ಮಾತಾಡುತ್ತಿದ್ದರು. ಗಂಡಿನ ಕಡೆಯವರು ಒಂದಿಷ್ಟು ಹೊಲ ಮನೆ ಇದ್ದವರು, ಬುಟ್ಟಿ ಹೊರುವವರ ಮನೆಯ ಹೆಣ್ಣೆಂದು ಮೂಗು ಮುರಿದಿದ್ದರಂತೆ. ತಾಯಿ ಮುಂಬಯಿಯಲ್ಲಿ ಫ್ಯಾಕ್ಟರಿಗೆ ಹೋಗ್ತಾಳೆ ಅಂದ ಮೇಲೆ ಮಾತು ಮತ್ತೆ ಶುರುವಾಗಿತ್ತು. ಇನ್ನೊಂದು ಸಲ ಮುಂಬಯಿಗೆ ಬಂದು ನೋಡಿ ಒಪ್ಪಿಗೆ ಹೇಳುತ್ತೇವೆ ಅಂದಿದ್ದರು. 'ಈ ಕೆಲಸ ಹೋತಂದ್ರ ಸಂಬಂಧಾನೂ ಹೋತ್ರಿ. ಮತ್ತ ಬುಟ್ಟಿ ಹೊತ್ರ ನನ್ನ ಕುತಗೀನೂ ಹೋಗ್ತದ' ಅನ್ನುತ್ತಿದ್ದಳು. ಕತ್ತು ತಿರುಗಿಸಲು ಅವಳು ಇಡೀ ಮೈ ತಿರುಗಿಸಬೇಕಿತ್ತು.

ಆ ಕೆಲಸ ಒಂದು ಆರ್ಡರಿನ ಮೇಲೆ ನೇತಾಡುತ್ತಿತ್ತು. ಯಾವುದೋ ಸರ್ಕಾರಿ ಇಲಾಖೆಯವರು ಡಬ್ಬಿಗಳನ್ನು ಒಟ್ಟಿಗೆ ಕೊಂಡು ಕಡಿಮೆ ಬೆಲೆಗೆ ಜನಕ್ಕೆ ಹಂಚುತ್ತಾರಂತೆ. ಮೊದಲು ಅವರ ಕಮಿಟಿಯ ಎದುರಿಗೆ ಬೇಯಿಸಿ ತೋರಿಸಬೇಕು. ಪಾಸಾದರೆ ಗಾಳಾ ನಡೆಯುತ್ತದೆ, ಇಲ್ಲದಿದ್ದರೆ ಮುಚ್ಚುವುದೇ ಗತಿ ಅಂತ ಸತ್ಯನಾರಾಯಣ ನಮ್ಮೆಲ್ಲರ ಎದುರಿಗೇ ಹೇಳಿದರು.

ಡಿಸೆಂಬರ್‌ನಲ್ಲಿ ಕಮಿಟಿ ಬಂತು. ಗಾಳಾಗಳೆಲ್ಲ ಇದ್ದ ಇಂಡಸ್ಟ್ರಿಯಲ್ ಎಸ್ಟೇಟಿನ ಟೆರೇಸ್ ಮೇಲೆ ಮೂರು ಡಬ್ಬಿ ಇಟ್ಟೆವು. ಅಕ್ಕಿ, ಬೇಳೆ, ಆಲೂಗಡ್ಡೆ. ಬಿಸಿಲೇನೋ ಚೆನ್ನಾಗಿತ್ತು, ಆದರೆ ನೋಡಿ, ಹುಟ್ಟಿದಾಗಿನಿಂದ ಒಲೆಯ ಮುಂದೆ ನಿಂತ ಹೆಂಗಸರು ಮುಚ್ಚಿದ ಪಾತ್ರೆಯ ಎದುರು ಕೈಕಟ್ಟಿ ನಿಲ್ಲುತ್ತಾರೆಯೇ? ಮೊದಲು ನಾನೇ ಮುಚ್ಚಳ ಎತ್ತಿ ನೋಡಿದೆ, ನೀರು ಕಾದಿದೆಯೋ ಅಂತ. ಆಮೇಲೆ ಕಮಿಟಿಯ ಮೇಡಂ ಎತ್ತಿದರು. ಬಣ್ಣ ಹೊಡೆಯುವ ಹೆಂಗಸರು ಎತ್ತಿದರು. ಕೆಳಗೆ ಹೋಟೆಲ್ ನಡೆಸುತ್ತಿದ್ದ ಶೆಟ್ಟರೂ ಮೇಲೆ ಬಂದು, 'ಎಂತದ್ದು, ಬೆಂದಿತಾ?' ಅಂತ ಎತ್ತಿ, ಒಂದು ಅಗುಳು ಹಿಚುಕಿ ಮುಚ್ಚಿದರು. ಪ್ರತಿ ಸಲವೂ ಒಳಗಿನ ಬಿಸಿಯೆಲ್ಲ ಬುಸ್ಸೆಂದು ಹೊರಗೆ. ಸತ್ಯನಾರಾಯಣ ಪಾಪ, 'ತೆಗೀಬೇಡಿ, ತೆಗೀಬೇಡಿ' ಅಂತ ಗೋಗರೆಯುತ್ತಲೇ ಇದ್ದರು. ಯಾರು ಕೇಳುತ್ತಾರೆ? ಮಧ್ಯಾಹ್ನ ಇಳಿದರೂ ಅನ್ನ ನಡುವೆ ಗಟ್ಟಿ. ಕಮಿಟಿಯ ಸಾಹೇಬರು ಬಾಯಿಗೆ ಹಾಕಿಕೊಂಡದ್ದನ್ನು ಕರವಸ್ತ್ರಕ್ಕೆ ಉಗುಳಿ, ಇನ್ನೊಂದೇ ಒಂದು ಸಲ ಬರುತ್ತೇವೆ ಅಂತ ಹೇಳಿ ಹೋದರು.

ಗಂಗವ್ವ ಆ ದಿನ ಬೇಯದ ಅನ್ನವನ್ನೇ ಕಟ್ಟಿಕೊಂಡು ಹೋದಳು.

ಬೀಗದ ಮಾತು ನಾನು ಎತ್ತಿದ್ದು ಮಾರನೆಯ ದಿನ. ಮುಚ್ಚಳ ಎತ್ತುವ ವಿಷಯ ನನ್ನ ತಲೆಯಲ್ಲಿರಲಿಲ್ಲ, ನಿಜ ಹೇಳುತ್ತೇನೆ. ನನ್ನ ಚಿಂತೆ ಬೇರೆ. ಈ ಡಬ್ಬಿ ಯಾರಾದರೂ ಕೊಂಡರು ಅನ್ನಿ, ಬಿಸಿಲು ಎಲ್ಲಿದೆ ಮುಂಬಯಿ ಮನೆಯಲ್ಲಿ? ಬಿಲ್ಡಿಂಗಿನ ಟೆರೇಸಿಗೇ ಒಯ್ಯಬೇಕು. ಅನ್ನ ಸಾರು ಟೆರೇಸ್ ಮೇಲೆ ಬಿಟ್ಟು ಮೂರನೇ ಮಾಳಿಗೆಗೆ ಇಳಿದು ಬಂದು ಯಾವ ಹೆಂಗಸು ನೆಮ್ಮದಿಯಾಗಿ ಕೂರುತ್ತಾಳೆ? ಯಾರು ಇಣುಕುತ್ತಾರೋ, ಯಾರ ಕಣ್ಣು ಬೀಳುತ್ತದೋ, ಯಾರು ಏನು ಬೆರೆಸುತ್ತಾರೋ. ಒಣಹಾಕಿದ ಹಪ್ಪಳವೇ ಉಳಿಯುವುದಿಲ್ಲ. 'ಸಾರ್, ಇದಕ್ಕೊಂದು ಕೊಂಡಿ ಇಡಿ, ಬೀಗ ಹಾಕೋ ಹಾಗಿರಲಿ. ಇಲ್ಲದಿದ್ದರೆ ಒಬ್ಬಳೂ ಕೊಳ್ಳಲ್ಲ' ಅಂದೆ.

ಸತ್ಯನಾರಾಯಣರ ಮುಖ ಸಣ್ಣದಾಯಿತು. 'ಅನ್ನಕ್ಕೆ ಬೀಗ ಹಾಕೋದಾ ಲಲಿತಮ್ಮ? ಕೇಳಿದವರು ಏನಂದಾರು?'

'ಏನೂ ಅನ್ನಲ್ಲ. ಕೀ ಎಷ್ಟು ಕೊಡ್ತೀರಿ ಅಂತ ಕೇಳ್ತಾರೆ.'

ಪಕ್ಕದಲ್ಲಿ ಬಣ್ಣ ಹೊಡೆಯುತ್ತಿದ್ದ ಗಂಗವ್ವ ಬ್ರಷ್ ಕೆಳಗಿಟ್ಟು ನಗತೊಡಗಿದಳು. 'ಬೀಗರನ್ನ ಡಬ್ಬ್ಯಾಗ ಹಾಕ್ತೀರೇನ್ರಿ ಅಕ್ಕಾರ? ನಮ್ಮ ಕಡೆ ಇದಕ್ಕ ಕೀಲಿ ಅಂತೀವ್ರಿ. ಬೀಗ ಅಂದ್ರ ಮಗಳ ಮಾವ!' ಎಲ್ಲ ಹೆಂಗಸರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿನ ದಿನದಿಂದ ಬಿಗಿದುಕೊಂಡಿದ್ದ ಗಾಳಾ ಸ್ವಲ್ಪ ಸಡಿಲವಾಯಿತು. ಸತ್ಯನಾರಾಯಣರೂ ಕೊನೆಗೆ ಒಪ್ಪಿದರು.

ಸಂಕ್ರಾಂತಿ ಕಳೆದು ಕಮಿಟಿ ಎರಡನೇ ಸಲ ಬರುವ ದಿನ ಬಂತು. ಮೂರು ಡಬ್ಬಿಗೂ ಕೊಂಡಿ ಕೂರಿಸಿತ್ತು. ಬೆಳಿಗ್ಗೆ ನಾನೇ ಅಕ್ಕಿ ಬೇಳೆ ಅಳೆದು ಒಳಗಿಟ್ಟು ಬೀಗ ಜಡಿದೆ. ಕೀಗಳನ್ನು ಗಂಗವ್ವನ ಎಲೆಯಡಿಕೆ ಸಂಚಿಗೆ ಹಾಕಿಸಿದೆ. ಅದರ ಬಾಯಿಗೆ ದಾರ ಇತ್ತು, ಸಂಚಿ ಅವಳ ಸೊಂಟದಲ್ಲಿತ್ತು, ಅಲ್ಲಿಗೆ ಬೇರೆ ಯಾರೂ ಕೈ ಹಾಕುವ ಹಾಗಿರಲಿಲ್ಲ. ನಾನು ಟೆರೇಸ್ ಮೇಲೆ ಕಾವಲು, ಅವಳು ಕೆಳಗೆ ಕೆಲಸಕ್ಕೆ. ಸತ್ಯನಾರಾಯಣ ಕಮಿಟಿಯವರನ್ನು ಕರೆತರಲು ಹೋಗಿದ್ದರು.

ಗಾಳಾದ ಫೋನ್ ಯಾವತ್ತೂ ಸತ್ತೇ ಇರುತ್ತಿತ್ತು. ಏನಿದ್ದರೂ ಶೆಟ್ಟರ ಹೋಟೆಲಿಗೆ ಫೋನ್. ಅವತ್ತು ಸತ್ಯನಾರಾಯಣ ಸ್ಟೇಷನ್ನಿನಿಂದ ಫೋನ್ ಮಾಡಿ, 'ಬಂದೆವು, ಬೀಗದ ಕೀ ರೆಡಿ ಇರಲಿ ಅಂತ ಗಂಗವ್ವನಿಗೆ ಹೇಳಿ' ಅಂದಿದ್ದಾರೆ. ಶೆಟ್ಟರು ಗಲ್ಲಾದಿಂದ ಎದ್ದು ಬಂದು, ಪ್ರೆಸ್ಸಿನ ಸದ್ದಿನ ಮೇಲೆ ಗಂಟಲು ಹರಿಯುವ ಹಾಗೆ ಕೂಗಿದರು. 'ಗಂಗವ್ವಾ, ಬೀಗ ರೆಡಿ ಉಂಟಾ ಮಾರಾಯ್ತಿ? ಸ್ಟೇಷನಿಗೆ ಬಂದಾಯ್ತಂತೆ! ಈಗ ಬರ್ತಾರಂತೆ!'

ಗಂಗವ್ವನ ಕಿವಿಗೆ ಬಿದ್ದದ್ದು ಎರಡೇ ಮಾತು. ಬೀಗ. ಸ್ಟೇಷನಿಗೆ ಬಂದಾಯ್ತು.

ನಾನು ಟೆರೇ‌ಸ್‌ನಿಂದ ನೋಡುತ್ತೇನೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕರಿ ಕೈಗಳನ್ನು ಗಾಳಿಯಲ್ಲಿ ಒಣಗಿಸಿಕೊಳ್ಳುತ್ತ ಈಕೆ ಗೇಟಿನಾಚೆ ಓಡುತ್ತಿದ್ದಾಳೆ. 'ಗಂಗವ್ವಾ! ಎಲ್ಲಿಗೇ?' ಅಂತ ಕಿರುಚಿದೆ. 'ಬೀಗ್ರು ಬಂದಾರಂತ್ರೀ! ಮನ್ಯಾಗ ಚಾಪಿ ಸೈತ ಹಾಸಿಲ್ರೀ!' ಅಂದವಳೇ ಗುಡ್ಡದ ಮೇಲಿನ ತನ್ನ ಜೋಪಡಿಯ ಕಡೆ ಮಾಯ. ಸಂಚಿಯ ಸಮೇತ. ಕೀಗಳ ಸಮೇತ.

ಕಮಿಟಿ ಮೇಲೆ ಬಂತು. ಬೀಗ ನೋಡಿ ಮೇಡಂಗೆ ಖುಷಿಯೋ ಖುಷಿ. 'ಕುಲೂಪ್! ಹೇ ಬರಂ ಕೇಲಂ' ಅಂದರು, ಬೀಗ ಇಟ್ಟದ್ದು ಒಳ್ಳೇದಾಯಿತು ಅಂತ. ಅವರ ಬಿಲ್ಡಿಂಗಿನಲ್ಲಿ ಬೀಗ ಹಾಕದಿದ್ದರೆ ಚಪ್ಪಲಿಯೂ ಉಳಿಯುವುದಿಲ್ಲವಂತೆ. ಸರಿ, ತೆಗೆಯಿರಿ ಅಂದರು. ತೆಗೆಯುವುದು ಯಾವುದರಿಂದ? ಸತ್ಯನಾರಾಯಣ ಬೆವರಿ ನೀರಾದರು. ನನ್ನ ಕಿವಿಯ ಹತ್ತಿರ ಬಂದು, 'ಒಡೆದುಬಿಡೋಣವಾ?' ಅಂದರು. 'ಬೀಗದ ಜೊತೆ ಗಾಜೂ ಹೋಗುತ್ತೆ ಸಾರ್, ಸುಮ್ಮನಿರಿ' ಅಂದೆ. ಗಂಗವ್ವನ ಜೋಪಡಿ ಗೊತ್ತಿದ್ದ ಹೆಂಗಸೊಬ್ಬಳನ್ನು ಓಡಿಸಿ, ಕಮಿಟಿಯವರನ್ನು ಶೆಟ್ಟರ ಹೋಟೆಲಿನಲ್ಲಿ ಕೂರಿಸಿದೆವು. ಇಡ್ಲಿ ಆಯಿತು, ಬನ್ಸ್ ಆಯಿತು, ಎರಡು ಸಲ ಕಾಫಿ ಆಯಿತು. ನಾನು ಮಾತ್ರ ಡಬ್ಬಿಗಳ ಮುಂದೆ ಕೂತಿದ್ದೆ. ಗಾಜಿನ ಮೇಲೆ ಹಬೆ ಕಟ್ಟಿ ಒಳಗಿನದು ಏನೂ ಕಾಣಿಸುತ್ತಿರಲಿಲ್ಲ. ಬೆಂದಿದೆಯೋ, ಹಸಿಯೋ, ತಳ ಹಿಡಿದಿದೆಯೋ. ಕೈ ಕಡಿಯುತ್ತಿತ್ತು. ಆ ಕೊಂಡಿಯನ್ನು ಹಿಡಿದು ಎಷ್ಟು ಸಲ ಜಗ್ಗಿದೆನೋ, ನಾನೇ ಹಾಕಿದ ಬೀಗ ನನಗೇ ಜಗ್ಗಲಿಲ್ಲ.

ಬಿಸಿಲು ನೆತ್ತಿ ದಾಟಿದ ಮೇಲೆ ಗಂಗವ್ವ ಏದುಸಿರು ಬಿಡುತ್ತ ಬಂದಳು. 'ಯಾ ಬೀಗ್ರೂ ಇಲ್ರೀ, ಯಾರೂ ಇಲ್ರೀ! ಹಾದಿ ಕಾದು ಕಾದು ಸಾಕಾತು. ಯಾರ ಹೇಳಿದ್ರಿ ಸುಳ್ಳ ಸುದ್ದಿ?' ಅಂತ ಶೆಟ್ಟರ ಮೇಲೆ ಹರಿಹಾಯ್ದಳು. ಶೆಟ್ಟರು, 'ನಾನು ಬೀಗ ಅಂದದ್ದು ಬೀಗ ಮಾರಾಯ್ತಿ!' ಅಂತ ಕೈ ಮುಗಿದರು. ಬೈಯುವುದಕ್ಕೂ ಪುರಸೊತ್ತಿಲ್ಲ. ನಾನೇ ಅವಳ ಸಂಚಿಯ ದಾರ ಬಿಚ್ಚಿ ಕೀ ತೆಗೆದೆ.

ಮುಚ್ಚಳ ಎತ್ತಿದೆವು. ಏನು ಹೇಳಲಿ! ಹೂವಿನಂಥ ಅನ್ನ. ಅಗುಳಿಗೆ ಅಗುಳು ಅಂಟಿಲ್ಲ. ಬೇಳೆ ಬೆಣ್ಣೆಯಾಗಿತ್ತು. ಶೆಟ್ಟರ ಹೋಟೆಲಿನ ಅನ್ನ ಯಾರಾದರೂ ತಂದಿಟ್ಟರೋ ಅಂತ ನನಗೊಂದು ಗಳಿಗೆ ಅನುಮಾನವೂ ಬಂತು, ಆದರೆ ಬೀಗ ಹಾಕಿದವಳು ನಾನೇ, ಕಾವಲು ಕೂತವಳೂ ನಾನೇ. ಕಮಿಟಿಯ ಸಾಹೇಬರು ಎರಡು ಸಲ ಬಡಿಸಿಕೊಂಡರು. ಸತ್ಯನಾರಾಯಣ ನನ್ನ ಕಡೆ ತಿರುಗಿ, 'ನೋಡಿದ್ರಾ? ಬೀಗ ಬೇಕಾಗಿದ್ದದ್ದು ಕಳ್ಳರಿಗಲ್ಲ, ನಿಮ್ಮಂಥವರಿಗೆ' ಅಂದರು. ಗಂಗವ್ವ ಕರಿ ಕೈಯಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡಳು. ಆರ್ಡರ್ ಬಂತು.

ಆಮೇಲಿನ ತಿಂಗಳುಗಳು ಹೇಗೆ ಹೋದವೋ ಗೊತ್ತಿಲ್ಲ. ಹೊಸ ಹೆಂಗಸರು ಸೇರಿಕೊಂಡರು. ಪಕ್ಕದ ಗಾಳಾದವನಿಗೆ ನಮ್ಮ ಕೊಂಡಿ ಒತ್ತುವುದೇ ಕೆಲಸವಾಯಿತು. ಗಾಜು ಕೊಯ್ಯುವವನು ತಮ್ಮನನ್ನೂ ಕರೆಸಿಕೊಂಡ. ಶೆಟ್ಟರು ಊಟದ ಹೊತ್ತಿಗೆ ಬೆಂಚು ಜಾಸ್ತಿ ಹಾಕಿದರು. ಸತ್ಯನಾರಾಯಣ ಹೇಳಿದ ಕನಸು ಕಣ್ಣೆದುರಿಗೇ ನಡೆಯುತ್ತಿತ್ತು, ಇಲ್ಲ ಅನ್ನಲಾರೆ. ಮಾರ್ಚ್‌ನಲ್ಲಿ ನಿಜವಾದ ಬೀಗರೂ ಬಂದರು. ತಲೆಗೆ ಪಟಕಾ ಸುತ್ತಿದ ಎತ್ತರದ ಹಿರಿಯರು. ಗಂಗವ್ವ ಅವರನ್ನು ಗಾಳಾಕ್ಕೆ ಕರೆತಂದು, 'ಇದ ನೋಡ್ರಿ ನಮ್ಮ ಫ್ಯಾಕ್ಟರಿ' ಅಂತ ಪ್ರೆಸ್ಸಿನಿಂದ ಹಿಡಿದು ಪೊರಕೆಯವರೆಗೆ ಎಲ್ಲ ತೋರಿಸಿದಳು. ಹಿರಿಯರು ಒಂದು ಡಬ್ಬಿಯನ್ನು ಬೆರಳಿನಿಂದ ಬಡಿದು ನೋಡಿ, ಗಟ್ಟಿ ಅದ ಅಂದರು. ದೀಪಾವಳಿ ಕಳೆದ ಮೇಲೆ ಮದುವೆ ಅಂತ ನಿಶ್ಚಯವಾಯಿತು.

ನನಗೆ ಮಾತ್ರ ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಲಾರಿ ಲಾರಿ ಡಬ್ಬಿ ಹೋಗುತ್ತಿದ್ದವು, ಒಂದೇ ಒಂದು ಕಂಪ್ಲೇಂಟ್ ವಾಪಸ್ ಬರಲಿಲ್ಲ. ಗಾಜು ಒಡೆಯಿತು ಅಂತಲೋ, ಕೀ ಕಳೆಯಿತು ಅಂತಲೋ, ಅನ್ನ ಬೇಯಲಿಲ್ಲ ಅಂತಲೋ ಯಾರೂ ಬರೆಯಲಿಲ್ಲ. ಉಪಯೋಗಿಸುವ ಸಾಮಾನಿಗೆ ಕಂಪ್ಲೇಂಟ್ ಬರದೇ ಇರುತ್ತದೆಯೇ? ಎಲ್ಲೋ ಗೋಡೌನಿನಲ್ಲಿ ಒಂದರ ಮೇಲೊಂದು ಕೂತಿವೆ ಅಂತ ನನ್ನ ಮನಸ್ಸು ಹೇಳಿತು. ಸತ್ಯನಾರಾಯಣರನ್ನು ಕೇಳಿದರೆ, 'ಕಂಪ್ಲೇಂಟ್ ಇಲ್ಲ ಅಂದ್ರೆ ಸಂತೋಷಪಡಬೇಕು ಲಲಿತಮ್ಮ' ಅಂದರು. ಆದರೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಮುಂಬಯಿ ಮಳೆ ಅಂದರೆ ಗೊತ್ತಲ್ಲ, ಬಿಸಿಲಿನ ಹೆಸರೇ ಇಲ್ಲ. ತಯಾರಾದ ಡಬ್ಬಿಗಳು ಗಾಳಾದಲ್ಲೇ ಸೂರಿನವರೆಗೆ ನಿಂತವು. ಹೊಸ ಆರ್ಡರ್ ಇಲ್ಲ. ಆಗಲೇ ಒಂದು ದಿನ ಇಬ್ಬರು ಟೇಪ್ ಹಿಡಿದುಕೊಂಡು ಬಂದು ಪ್ರೆಸ್ಸನ್ನು ಅಳೆದರು. ಸರ್ವಿಸಿಂಗಿಗೆ ಅಂದರು ಸತ್ಯನಾರಾಯಣ. ಸರ್ವಿಸಿಂಗ್ ಮಾಡುವವರು ಬಾಗಿಲಿನ ಅಗಲ ಯಾಕೆ ಅಳೆಯಬೇಕು? ನನ್ನ ಕಿವಿ ನೆಟ್ಟಗಾಯಿತು. ಶೆಟ್ಟರು ಕಾಫಿ ಕೊಡುತ್ತ ಮೆಲ್ಲಗೆ, 'ರಾಜ್ಯದ ಗಡಿಯಾಚೆ ಎಲ್ಲಿಯೋ ಹೊಸ ಫ್ಯಾಕ್ಟರಿ ತೆಗೆದವರಿಗೆ ಟ್ಯಾಕ್ಸ್ ಮಾಫಿ ಉಂಟಂತೆ ಅಕ್ಕ. ಈ ಎಸ್ಟೇಟಿನಿಂದ ಒಬ್ಬೊಬ್ಬರೇ ಹೋಗ್ತಾ ಇದ್ದಾರೆ' ಅಂದರು.

ನೆಟ್ಟಗೆ ಹೋಗಿ ಕೇಳಿದೆ. 'ನೀವೂ ಹೋಗ್ತೀರಾ ಸಾರ್?'

'ಛೆ ಛೆ, ಏನು ಮಾತು ಆಡ್ತೀರಿ!' ಅಂದರು. ಎಲ್ಲರನ್ನೂ ಕರೆದು ನಿಲ್ಲಿಸಿಕೊಂಡರು. ಮಳೆಗಾಲಕ್ಕಷ್ಟೇ ಮುಚ್ಚುತ್ತೇವೆ, ದಸರೆಗೆ ಮತ್ತೆ ಶುರು, ಆಯುಧಪೂಜೆಯ ದಿನ ಈ ಶಟರ್ ನಾನೇ ಎತ್ತುತ್ತೇನೆ ಅಂತ ಮಾತು ಕೊಟ್ಟರು. ಆಗಲೂ ಅವರ ಕಣ್ಣು ಒದ್ದೆಯಾಗಿತ್ತು. ಸುಳ್ಳು ಹೇಳಿದರೋ, ಅವರೇ ನಂಬಿಕೊಂಡಿದ್ದರೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಆದರೆ ಸಿಟ್ಟು ಮಾತ್ರ ಇವತ್ತಿಗೂ ಆರಿಲ್ಲ.

ಗಂಗವ್ವನನ್ನು ಪಕ್ಕಕ್ಕೆ ಕರೆದು ಹೇಳಿದೆ. 'ಇವರು ನಮಗೆ ನಾಮ ಹಾಕ್ತಾರೆ ಕಣೆ. ಸುಮ್ಮನೆ ಕಾಯಬೇಡ. ಬೇರೆ ಗಾಳಾಗಳಲ್ಲಿ ಈಗಲೇ ವಿಚಾರಿಸು. ಮದುವೆ ಬೇರೆ ಇಟ್ಟುಕೊಂಡಿದ್ದೀಯ.'

ಅವಳು ನಕ್ಕಳು. 'ನೀವು ಮುಚ್ಚಳ ತಗದ ತಗದ ನೋಡಾವ್ರು ಅಕ್ಕಾರ. ಅವತ್ತ ಕೀಲಿ ಇತ್ತಂತ ಅನ್ನ ಬೆಂತು. ಈಗೂ ಹಂಗಽ. ಬೇಯಾಕ ಬಿಡ್ರಿ.'

ಏನು ಹೇಳಲಿ ಇದಕ್ಕೆ? ಆ ಡಬ್ಬಿ ಅವಳಿಗೆ ಕಲಿಸಿದ ಪಾಠ ಅದು. ಕಲಿಸಿದ್ದರಲ್ಲಿ ನನ್ನ ಬೀಗವೂ ಸೇರಿತ್ತು. ಮಳೆಗಾಲವೆಲ್ಲ ಅವಳು ಬಿಲ್ಡಿಂಗುಗಳಲ್ಲಿ ಪಾತ್ರೆ ತಿಕ್ಕಿ ದಿನ ದೂಡಿದಳು. ಹತ್ತಿರದ ಬಿಸ್ಕತ್ತಿನ ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ ಹೆಂಗಸರು ಬೇಕಾಗಿದ್ದರು, ನಮ್ಮವರೇ ಇಬ್ಬರು ಹೋಗಿ ಸೇರಿಕೊಂಡರು. ಈಕೆ ಹೋಗಲಿಲ್ಲ. ನಮ್ಮದು ದಸರಿಗೆ ತಗೀತದ ಅಂದಳು. ಬೀಗರಿಗೂ ಹಾಗೇ ಹೇಳಿ ಕಳಿಸಿದಳು.

ನಿನ್ನೆ ಆ ಸೇಲ್ಸ್‌ಮನ್ ಫೋನ್ ಮಾಡಿದ್ದ. ನನ್ನ ಪ್ರಶ್ನೆಗೆ ಉತ್ತರ ತಂದಿದ್ದಾನಂತೆ. ಪ್ಯಾನೆಲ್ ದೂರದಿಂದ ಬರುತ್ತವೆ, ಕೂರಿಸುವವರು ಮಾತ್ರ ಲೋಕಲ್, ಕಾಂಟ್ರ್ಯಾಕ್ಟ್ ಮೇಲೆ. ಮಳೆಗಾಲದಲ್ಲಿ ಅವರಿಗೆ ರಜೆ. 'ದಸರಾ ಕೇ ಬಾದ್ ಫಿರ್ ಚಾಲೂ ಆಂಟೀಜಿ, ಪಕ್ಕಾ' ಅಂದ. ನಾನು ಫೋನ್ ಇಟ್ಟುಬಿಟ್ಟೆ. ವಿದ್ಯಾ ಅಡುಗೆಮನೆಯಿಂದ, 'ಕ್ಯಾ ಹುವಾ ಅಮ್ಮಾ? ಯಾಕೆ ಮುಖ ಹಾಗೆ?' ಅಂದಳು. ಯಾವ ಆಯುಧಪೂಜೆಯ ಕಥೆ ಅಂತ ಅವಳಿಗೆ ಹೇಳಲಿ?

ಆ ವರ್ಷದ ಆಯುಧಪೂಜೆಯ ದಿನ ಬೆಳಿಗ್ಗೆ ಮಲಾಡಿನಿಂದ ಲೋಕಲ್ ಹತ್ತಿ ಜೋಗೇಶ್ವರಿಗೆ ಹೋದೆ. ಮಳೆ ಬಿಟ್ಟು ಬಿಸಿಲು ಬಂದಿತ್ತು, ಸುಡುಸುಡು ಬಿಸಿಲು. ಎಸ್ಟೇಟಿನ ತುಂಬ ಮಾವಿನ ತೋರಣ, ಯಂತ್ರಗಳಿಗೆಲ್ಲ ಕುಂಕುಮ, ನಿಂಬೆಹಣ್ಣು. ನಮ್ಮ ಗಾಳಾದ ಶಟರ್ ಮಾತ್ರ ಕೆಳಗಿತ್ತು. ಅಂಗೈಯಷ್ಟು ದೊಡ್ಡ ಬೀಗ. ಅದರ ಮುಂದೆ ಗಂಗವ್ವ ಒಬ್ಬಳೇ ನಿಂತಿದ್ದಳು, ಇಳಕಲ್ ಸೀರೆ ಉಟ್ಟು, ತಟ್ಟೆಯಲ್ಲಿ ತೆಂಗಿನಕಾಯಿ, ಸೇವಂತಿಗೆ ದಂಡೆ ಇಟ್ಟುಕೊಂಡು. ಕೈಯಿಂದ ಬಣ್ಣ ಹೋಗಿತ್ತು, ಉಗುರಿನ ಸಂದಿಯಲ್ಲಷ್ಟೇ ಕರಿ ಗೆರೆ.

'ಸಾಹೇಬ್ರು ಇನ್ನಾ ಬಂದಿಲ್ರಿ. ಬರ್ತಾರ. ಅಲ್ಲೀ ಮಟ ಇದಕ್ಕಽ ಪೂಜಿ ಮಾಡ್ತೀನಿ' ಅಂದಳು. ಬೀಗಕ್ಕೆ ಕುಂಕುಮ ಹಚ್ಚಿದಳು, ದಂಡೆ ಸುತ್ತಿದಳು, ಕೈಮುಗಿದಳು. ಶೆಟ್ಟರು ಹೋಟೆಲಿನ ಬಾಗಿಲಲ್ಲಿ ನಿಂತವರು ನನ್ನನ್ನು ನೋಡಿ ತಲೆ ತಗ್ಗಿಸಿ ಒಳಗೆ ಹೋದರು. ನನಗೆ ಅಷ್ಟು ಸಾಕಾಗಿತ್ತು. ಶಟರಿನ ಒಂದು ಪಟ್ಟಿ ತುಕ್ಕು ತಿಂದು ತೂತಾಗಿತ್ತು. ಬಗ್ಗಿ ಕಣ್ಣಿಟ್ಟೆ.

'ಏನ ಕಾಣತದ್ರಿ?'

'ಏನೂ ಇಲ್ಲ ಗಂಗವ್ವ. ಖಾಲಿ. ಪ್ರೆಸ್ ಇಲ್ಲ. ಅದು ನಿಂತಿದ್ದ ಜಾಗದಲ್ಲಿ ಬೋಲ್ಟು ಮಾತ್ರ ಇದೆ.'

ನನ್ನ ಅನುಮಾನ ನಿಜವಾಗಿತ್ತು. ಅದಕ್ಕಿಂತ ಕೆಟ್ಟ ಗಳಿಗೆ ನನ್ನ ಜನ್ಮದಲ್ಲಿ ಬಂದಿಲ್ಲ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಬಗ್ಗಿದಳು. ಆ ಕುತ್ತಿಗೆ ಹೊತ್ತುಕೊಂಡು ಬಗ್ಗುವುದೂ ಕಷ್ಟವೇ. ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, 'ಬೀಗರಿಗೆ ಏನ ಹೇಳ್ಲಿ ಅಕ್ಕಾರ?' ಅಂದಳು.

ಮಹಾದೇವಿಯ ಮದುವೆಯೇನೋ ನಿಲ್ಲಲಿಲ್ಲ, ಹಿರಿಯರು ಮಾತಿಗೆ ತಪ್ಪಲಿಲ್ಲ. ಆದರೆ ಗಂಗವ್ವ ಮದುವೆ ಮುಗಿಸಿಕೊಂಡು ಬಂದವಳು ನೇರ ಬುಟ್ಟಿಗೇ ಹೋದಳು, ಮತ್ತೆ ಎಂದೂ ನೆರಳಿನ ಕೆಲಸ ಅವಳಿಗೆ ಸಿಗಲಿಲ್ಲ. ಅದೆಲ್ಲ ಆಮೇಲಿನ ಮಾತು.

ಆ ದಿನ ಅವಳು ಬೀಗದ ಹತ್ತಿರ ಹೋಗಿ, ಸುತ್ತಿದ್ದ ದಂಡೆಯನ್ನು ಬಿಚ್ಚಿಕೊಂಡಳು. 'ಇದಕ್ಕ್ಯಾಕ?' ಅಂದಳು. ಹಲ್ಲಿನಿಂದ ದಾರ ಕಡಿದು ಎರಡು ತುಂಡು ಮಾಡಿದಳು. 'ತಿರಗಿ ನಿಲ್ರಿ' ಅಂತ ಒಂದನ್ನು ನನ್ನ ಜಡೆಗೆ ಸಿಕ್ಕಿಸಿದಳು, ಇನ್ನೊಂದನ್ನು ತಾನು ಮುಡಿದಳು. ತಟ್ಟೆ ಎತ್ತಿಕೊಂಡು, ಆಕಾಶದ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು.

'ನಡೀರಿ ಅಕ್ಕಾರ, ಬಿಸಲ ಭಾಳ ಆಗೇದ' ಅಂದಳು.